ಹಿತ್ತಲಿಗೆ ಬಂದ ದೂರದರ್ಶಕ

ಹಿತ್ತಲಲ್ಲಿ ದೂರದರ್ಶಕ ನಿಲ್ಲಿಸಿ ಆಕಾಶ ನೋಡಲು ತೊಡಗುವವರಿಗೆ ಬಾಗಲಕೋಟೆ ಸೀಮೆ ಒಳ್ಳೆಯ ಜಾಗ. ಅದು ಭೂಮಧ್ಯರೇಖೆಯಿಂದ ಸುಮಾರು 16 ಡಿಗ್ರಿ ಉತ್ತರಕ್ಕಿದೆ. ಹಾಗಾಗಿ ಧ್ರುವ ನಕ್ಷತ್ರ ಇಲ್ಲಿ ದಿಗಂತದಿಂದ 16 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತದೆ, ದಕ್ಷಿಣದ ಆಕಾಶ ಮಾತ್ರ ಧಾರಾಳವಾಗಿ ತೆರೆದುಕೊಳ್ಳುತ್ತದೆ. ಯುರೋಪಿನ ಬಹುಭಾಗದಿಂದ ಕಾಣದ ಒಮೆಗಾ ಸೆಂಟಾರಿ ಎಂಬ ದೊಡ್ಡ ನಕ್ಷತ್ರಗುಚ್ಛ ಮೇ ತಿಂಗಳ ರಾತ್ರಿ 10ರ ಸುಮಾರಿಗೆ ಇಲ್ಲಿ 26 ಡಿಗ್ರಿ ಎತ್ತರಕ್ಕೆ ಬರುತ್ತದೆ.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಬರೆದ 'ಇಷ್ಟು ಪಟ್ಟು' ಎಂಬ ಅಂಕಿಯನ್ನು ನಂಬಬಾರದು. ಮಸುಕಾದ ಕಾಯಗಳು ಕಾಣುವುದು ಕನ್ನಡಿ ಕೂಡಿಸುವ ಬೆಳಕಿನಿಂದ, ಆ ಬೆಳಕು ಬರುವುದು ಕನ್ನಡಿಯ ಅಗಲದಿಂದ. 150 ಮಿ.ಮೀ. ಕನ್ನಡಿಯ ಡಾಬ್ಸೋನಿಯನ್ ಮಾದರಿಯೇ ಆರಂಭಕ್ಕೆ ಸರಿ. ಅದು ಗಟ್ಟಿಯಾದ ತಳದ ಮೇಲೆ ಕೂತು ಸರಾಗವಾಗಿ ತಿರುಗುತ್ತದೆ. ಅಲುಗಾಡುವ ಮೂರು ಕಾಲಿನ ಅಗ್ಗದ ಸಾಧನ ಆಸಕ್ತಿಯನ್ನೇ ಕೊಂದುಬಿಡುತ್ತದೆ. 1200 ಮಿ.ಮೀ. ಸಂಗಮ ದೂರದ ಕೊಳವೆಗೆ 25 ಮಿ.ಮೀ. ಐಪೀಸ್ ಹಾಕಿದರೆ 1200ನ್ನು 25ರಿಂದ ಭಾಗಿಸಿದ 48 ಪಟ್ಟು ವರ್ಧನೆ ಸಿಗುತ್ತದೆ. ಗುರುವಿನ ನಾಲ್ಕು ದೊಡ್ಡ ಚಂದ್ರರಿಗೂ ಶನಿಯ ಬಳೆಗೂ ಅಷ್ಟು ಸಾಕು. ಅಷ್ಟು ದುಡ್ಡು ಇಲ್ಲದವರು 10×50 ಬೈನಾಕ್ಯುಲರ್‌ನಿಂದ ಶುರು ಮಾಡಬಹುದು. ಕೃತ್ತಿಕೆ ಅದರಲ್ಲೇ ಹೆಚ್ಚು ಚೆಂದ.

ಪಕ್ಕದ ಸಣ್ಣ ಹುಡುಕುಕೊಳವೆಯನ್ನು ಹಗಲಿನಲ್ಲೇ ಹೊಂದಿಸಿಕೊಳ್ಳಬೇಕು. ಬಾದಾಮಿಯವರಿಗೆ ಬಂಡೆಯ ಮೇಲಿನ ಮಾಲೆಗಿತ್ತಿ ಶಿವಾಲಯ ಒಳ್ಳೆಯ ಗುರಿ. ಸೂರ್ಯನತ್ತ ಮಾತ್ರ ಕೊಳವೆಯನ್ನು ಯಾವ ಕಾರಣಕ್ಕೂ ತಿರುಗಿಸಬಾರದು, ಕ್ಷಣದಲ್ಲಿ ಕಣ್ಣು ಹೋಗುತ್ತದೆ. ರಾತ್ರಿ ಕಣ್ಣು ಕತ್ತಲೆಗೆ ಒಗ್ಗಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಮೊಬೈಲನ್ನು ಜೇಬಿನಲ್ಲೇ ಇಡಬೇಕು.

ಜಾಗದ ಆಯ್ಕೆಗೆ ಸಾಧನದಷ್ಟೇ ಬೆಲೆಯಿದೆ. ಆರ್‌ಸಿಸಿ ಮಾಳಿಗೆ ಹಗಲಿನ ಬಿಸಿಯನ್ನು ರಾತ್ರಿಯೂ ಉಗುಳುತ್ತದೆ, ಹೆಜ್ಜೆಗೆ ನಡುಗುತ್ತದೆ. ಅಂಗಳದ ಮಣ್ಣೇ ಮೇಲು. ಬಾದಾಮಿಯ ಮರಳುಗಲ್ಲಿನ ಗುಡ್ಡಗಳೂ ಕಾಯ್ದು ಗಾಳಿಯನ್ನು ಕದಡುತ್ತವೆ. ಮೇಲಾಗಿ, ಅಗಸ್ತ್ಯತೀರ್ಥದ ದಡದಲ್ಲಿ ನಿಂತವರಿಗೆ ಗುಹೆಗಳಿರುವ ದಕ್ಷಿಣದ ಗುಡ್ಡ ಅದೇ ಋಷಿಯ ಹೆಸರಿನ ನಕ್ಷತ್ರವನ್ನು ಮರೆಮಾಡಬಹುದು. ಫೆಬ್ರವರಿಯ ರಾತ್ರಿ 9ರ ಸುಮಾರಿಗೆ ಅಗಸ್ತ್ಯ ಇಲ್ಲಿ 21 ಡಿಗ್ರಿಯಷ್ಟೇ ಏರುತ್ತದೆ. ಇಳಕಲ್ಲಿನ ಬೀದಿದೀಪಗಳನ್ನು ಬಿಟ್ಟು ಹುನಗುಂದದ ಕಡೆಯ ಬಯಲು ಎರೆಹೊಲಕ್ಕೆ ಹೋದರೆ ದಿಗಂತದವರೆಗೂ ಆಕಾಶ ಸಿಗುತ್ತದೆ.

ಮೊದಲ ನೋಟಕ್ಕೆ ಶುಕ್ಲಪಕ್ಷದ ಪಂಚಮಿಯಿಂದ ದಶಮಿಯವರೆಗಿನ ಚಂದ್ರನೇ ಆಗಬೇಕು. ಬೆಳಕು ನೆರಳು ಕೂಡುವ ಗೆರೆಯಲ್ಲಿ ಕುಳಿಗಳ ಅಂಚು, ಬೆಟ್ಟಗಳ ನೆರಳು ಎದ್ದು ಕಾಣುತ್ತವೆ. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಮಂಗಳೇಶನ 578ರ ಶಾಸನ ಕಾರ್ತಿಕ ಹುಣ್ಣಿಮೆಯದು; ದಾನಕ್ಕೆ ಶ್ರೇಷ್ಠವಾದ ಆ ರಾತ್ರಿ ದೂರದರ್ಶಕಕ್ಕೆ ಒಗ್ಗದು. ನೆರಳಿಲ್ಲದ ಪೂರ್ಣಚಂದ್ರ ಚಪ್ಪಟೆಯಾಗಿ ತೋರುತ್ತಾನೆ, ಮಸುಕಾದ ನಕ್ಷತ್ರಗಳನ್ನೂ ನುಂಗುತ್ತಾನೆ. ಮಹಾವ್ಯಾಧನ ನೀಹಾರಿಕೆಯಂಥವಕ್ಕೆ ಚಳಿಗಾಲದ ಅಮಾವಾಸ್ಯೆಯ ಆಸುಪಾಸೇ ಬೇಕು.

ಕಾಣುವ ಚಿತ್ರ ತಲೆಕೆಳಗಾಗಿರುತ್ತದೆ. ಭೂಮಿ ತಿರುಗುವುದರಿಂದ 48 ಪಟ್ಟಿನಲ್ಲಿ ಗ್ರಹ ನಾಲ್ಕೈದು ನಿಮಿಷದಲ್ಲಿ ನೋಟದಾಚೆ ಸರಿಯುತ್ತದೆ. ಇವೆರಡೂ ದೋಷವಲ್ಲ, ಕೊಳವೆಯನ್ನು ಮೆಲ್ಲಗೆ ತಳ್ಳುತ್ತ ಹಿಂಬಾಲಿಸುವುದು ಬೇಗ ರೂಢಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಕಾಟವಿದ್ದಾಗ ಸಾಧನವನ್ನು ಮುಚ್ಚಳ ಹಾಕಿ ಒಣ ಜಾಗದಲ್ಲಿಡಬೇಕು. ಧೂಳು ಕೂತಿತೆಂದು ಕನ್ನಡಿಯನ್ನು ಬಟ್ಟೆಯಿಂದ ಒರೆಸಬಾರದು: ಸ್ವಲ್ಪ ಧೂಳಿನಿಂದ ನೋಟ ಕೆಡುವುದಿಲ್ಲ, ಗೀರು ಬಿದ್ದರೆ ಮಾತ್ರ ಅದು ಹೋಗುವುದೇ ಇಲ್ಲ.