ಶ್ರೀಮತಿ ಅರುಂಧತಿಯವರ ಕನ್ನಡ

ಸಂಸ್ಕೃತ ನಾಟಕಗಳನ್ನು ಓದಿದವರಿಗೆ ಒಂದು ಸಂಗತಿಯು ವಿದಿತವಾಗಿಯೇ ಇರುವುದು. ಅಲ್ಲಿ ಎಲ್ಲರೂ ಸಂಸ್ಕೃತವನ್ನಾಡುವುದಿಲ್ಲ. ದುಷ್ಯಂತನು ಸಂಸ್ಕೃತದಲ್ಲಿ ನುಡಿದರೆ ಶಕುಂತಲೆಯು ಶೌರಸೇನಿಯಲ್ಲಿ ಉತ್ತರ ಕೊಡುವಳು. ಉಂಗುರ ಸಿಕ್ಕಿದ ಬೆಸ್ತನ ಬಾಯಲ್ಲಿ ಮಾಗಧಿ. ಯಾವ ಪಾತ್ರಕ್ಕೆ ಯಾವ ಭಾಷೆಯೆಂಬುದನ್ನು ಭರತಮುನಿಯೇ ವಿಧಿಸಿರುವನು. ಒಂದೇ ರಂಗದ ಮೇಲೆ ಹಲವು ನುಡಿಗಳು ಕಲೆತರೆ ರಸಭಂಗವಾಗುವುದೆಂದು ಪ್ರಾಚೀನರು ಭಾವಿಸಲಿಲ್ಲ. ಪಾಠಶಾಲೆಯಲ್ಲಿ ಕಲಿತ ಈ ವಿಷಯಕ್ಕೆ ಪ್ರತ್ಯಕ್ಷ ಪ್ರಮಾಣವು ನನಗೆ ದೊರೆತದ್ದು ಔರಾದಿನಲ್ಲಿ ಅಧ್ಯಾಪಕನಾದ ಮೇಲೆ. ಅಲ್ಲಿಯ ಹುಡುಗರಿಗೆ ಮನೆಯಲ್ಲಿ ಮರಾಠಿ, ಪೇಟೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ.

ಇಂತಹ ಸೀಮೆಯವನಾದ ನನಗೆ ನಟಿ ಶ್ರೀಮತಿ ಅರುಂಧತಿ ನಾಗ್ ಅವರಲ್ಲಿ ವಿಶೇಷ ಗೌರವವಿರುವುದು ಸಹಜವೇ. ಅವರು ಜನಿಸಿದ್ದು 1956ರಲ್ಲಿ, ದಿಲ್ಲಿಯಲ್ಲಿ. ನಮ್ಮ ಬೀದರ ಜಿಲ್ಲೆಯು ಹೈದರಾಬಾದ್ ರಾಜ್ಯವನ್ನು ಬಿಟ್ಟು ಕನ್ನಡ ರಾಜ್ಯವನ್ನು ಸೇರಿದ್ದೂ ಅದೇ ವರ್ಷದ ನವೆಂಬರಿನಲ್ಲಿ. ಅವರು ಬೆಳೆದದ್ದು ಮುಂಬಯಿಯಲ್ಲಿ. ಮರಾಠಿ, ಗುಜರಾತಿ, ಹಿಂದಿ, ಇಂಗ್ಲಿಷ್ ನಾಟಕಗಳಲ್ಲಿ ಅಭಿನಯಿಸಿ, ಹೊನ್ನಾವರದ ಶಂಕರ ನಾಗ್ ಅವರ ಕೈಹಿಡಿದು ಬೆಂಗಳೂರಿಗೆ ಬಂದರು. ಕನ್ನಡವು ಅವರಿಗೆ ತೊಟ್ಟಿಲಲ್ಲಿ ಬಂದುದಲ್ಲ, ದುಡಿದು ಪಡೆದದ್ದು. ಮುಂದೆ 1985ರ ‘ಆಕ್ಸಿಡೆಂಟ್’, 2005ರ ‘ಜೋಗಿ’ಯ ತಾಯಿ, 2009ರ ಹಿಂದಿ ‘ಪಾ’. ಈ ಕೊನೆಯದಕ್ಕೆ ಪೋಷಕನಟಿಯ ರಾಷ್ಟ್ರಪ್ರಶಸ್ತಿಯೂ ಸಂದಿತು. ಚಿತ್ರಗಳ ಪಟ್ಟಿಯನ್ನು ಬೆಳೆಸುವ ಇಚ್ಛೆ ನನಗಿಲ್ಲ.

ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ದ ಮಾತೇ ಬೇರೆ. ಕನ್ನಡ ಕಥೆಗಾರ್ತಿಯೊಬ್ಬಳು ಇಂಗ್ಲಿಷ್ ಕಾದಂಬರಿಯಿಂದ ಕೀರ್ತಿವಂತಳಾಗುವಳು. ಟೆಲಿವಿಷನ್ ಕೇಂದ್ರದಲ್ಲಿ ಭಾಷಣವನ್ನು ಮುಗಿಸಿ ಹೊರಡುವಾಗ ಪರದೆಯ ಮೇಲಿನ ಅವಳ ಬಿಂಬವೇ ಅವಳನ್ನು ತಡೆದು ಪ್ರಶ್ನಿಸುವುದು. ಪ್ರಶ್ನಿಸುವವಳೂ ಉತ್ತರಿಸುವವಳೂ ಒಬ್ಬಳೇ ನಟಿ. ಇದನ್ನು ಅರುಂಧತಿಯವರು ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಅಭಿನಯಿಸಿದರು. ತಾಯ್ನುಡಿಯನ್ನು ತೊರೆದವಳ ತಳಮಳವನ್ನು, ಕನ್ನಡವನ್ನು ಹೊರಗಿನಿಂದ ಬಂದು ಕಲಿತವರೊಬ್ಬರು ಕನ್ನಡದಲ್ಲಿಯೇ ತೋರಿದರಲ್ಲ!

1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿಯ ಅಪಘಾತದಲ್ಲಿ ಪತಿಯು ತೀರಿಕೊಂಡರು; ಇವರಿಗೂ ತೀವ್ರ ಪೆಟ್ಟಾಯಿತು. ಆಕೆ ಮುಂಬಯಿಗೆ ಹಿಂದಿರುಗಬಹುದಾಗಿದ್ದಿತು. ಹಿಂದಿರುಗದೆ, 2004ರಲ್ಲಿ ಬೆಂಗಳೂರಿನಲ್ಲಿ ‘ರಂಗಶಂಕರ’ವನ್ನು ನಿಲ್ಲಿಸಿದರು. ಅಲ್ಲಿ ಎಲ್ಲ ಭಾಷೆಗಳ ನಾಟಕಗಳಿಗೂ ಎಡೆಯುಂಟು.

ಇವರ ಹೆಸರು ನನ್ನ ಉಪಯೋಗಕ್ಕೆ ಬಂದ ಪ್ರಸಂಗವೊಂದಿದೆ. ಭಾಲ್ಕಿಯ ಒಂದು ನಾಟಕಸ್ಪರ್ಧೆಯಲ್ಲಿ ಮರಾಠಿ ಮನೆಮಾತಿನ ಔರಾದಿನ ಬಾಲಿಕೆಯೊಬ್ಬಳು ಕಿತ್ತೂರು ಚೆನ್ನಮ್ಮನ ಪಾತ್ರವನ್ನು ವಹಿಸಿದ್ದಳು. ಮರಾಠಿಯಲ್ಲಿ ಎ-ಏ, ಒ-ಓಗಳ ಭೇದವಿಲ್ಲದುದರಿಂದ ಅವಳ ‘ಕೊಡು’ ‘ಕೋಡು’ ಆಗುತ್ತಿದ್ದಿತು. (ಸಂಸ್ಕೃತದಲ್ಲಿಯೂ ಆ ಹ್ರಸ್ವಗಳಿಲ್ಲ; ಅದನ್ನು ಯಾರೂ ಕೊರತೆಯೆನ್ನರು.) ತೀರ್ಪುಗಾರರೊಬ್ಬರು “ಇದು ಬೆರಕೆ ಕನ್ನಡ” ಎಂದು ನಕ್ಕರು. ಹುಡುಗಿಯು ಮತ್ತೆ ರಂಗವನ್ನೇರೆನೆಂದು ಹಟ ಹಿಡಿದಳು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಚನ್ನಬಸವ ಪಟ್ಟದ್ದೇವರ ಊರಿನಲ್ಲಿ ಈ ನಗೆಯು ಕೇಳಿಬಂದಿತೆಂಬುದು ನನ್ನನ್ನು ಇಂದಿಗೂ ಚುಚ್ಚುತ್ತಿದೆ.

ಮರುದಿನ ಅವಳಿಗೆ ಅರುಂಧತಿಯವರ ವೃತ್ತಾಂತವನ್ನು ಹೇಳಿದೆನು.

“ಗುರೂಜಿ, ಅವರಿಗೂ ಮೊದಲು ಕನ್ನಡ ಬರ್ತಿರಲಿಲ್ಲೇನ್ರಿ?”

“ಬರ್ತಿರಲಿಲ್ಲವ್ವಾ, ಕಲಿತರು.”

ಅವಳು ಬಹಳ ಹೊತ್ತು ಸುಮ್ಮನಿದ್ದು ಪಾಟಿಯನ್ನು ಮುಂದಿಟ್ಟಳು. ನಮ್ಮ ಜಿಲ್ಲೆಯದು ತೊಗರಿಯ ಸೀಮೆಯಾದುದರಿಂದ ಒಂದು ವಾಕ್ಯವನ್ನು ಬರೆದುಕೊಟ್ಟೆನು: ‘ತೊಗರಿಯ ಬೆಳೆ ಬಂದರೆ ತೊಗರಿಯ ಬೇಳೆ.’ ಆ ವಾರವೆಲ್ಲ ನೀರಿಗೆ ಹೋಗುವಾಗಲೂ ಬರುವಾಗಲೂ ಅವಳು ಅದನ್ನೇ ಉರುಹೊಡೆಯುತ್ತಿದ್ದಳೆಂದು ಅವಳ ಅಜ್ಜಿಯು ಮರಾಠಿಯಲ್ಲಿ ನನಗೆ ದೂರು ಹೇಳಿದಳು.