ಮಾತು ಹೋಗಿದ್ದೆಲ್ಲಿಗೆ?

ಬೇಸಿಗೆ ರಜೆ ಶುರುವಾದ ವಾರ. ನಮ್ಮ ಭಾವ ಮನೆ ಬದಲಾಯಿಸುವಾಗ ಹಳೇ ಕಂಪ್ಯೂಟರೊಂದನ್ನು ರಾಜರಾಜೇಶ್ವರಿನಗರದ ನಮ್ಮ ಮನೆಗೆ ಕಳಿಸಿಕೊಟ್ಟರು. ಎಂಟನೇ ಕ್ಲಾಸು ಮುಗಿಸಿದ್ದ ಮಗನಿಗೆ ಹಬ್ಬವೋ ಹಬ್ಬ. ಆದರೆ ಎರಡೇ ದಿನಕ್ಕೆ ಮುಖ ಸಪ್ಪೆ.

"ಅಮ್ಮಾ, ಗೇಮ್‌ನಲ್ಲಿ ಮಳೆ ಸದ್ದು ಬರುತ್ತೆ, ಕುದುರೆ ಸದ್ದು ಬರುತ್ತೆ, ಮ್ಯೂಸಿಕ್ಕೂ ಬರುತ್ತೆ. ಜನ ಮಾತಾಡಿದ್ರೆ ಮಾತ್ರ ಕೇಳ್ಸಲ್ಲ. ಬರೀ ಬಾಯಿ ಆಡಿಸ್ತಾರೆ" ಅಂದ.

ಹೋಗಿ ನೋಡಿದೆ. ನಿಜವೇ. ಕಿವಿಗೊಟ್ಟು ಕೇಳಿದರೆ ಬಾವಿಯೊಳಗಿಂದ ಯಾರೋ ಗೊಣಗಿದ ಹಾಗೆ. ಹತ್ತಿರದ ರಿಪೇರಿ ಅಂಗಡಿಗೆ ಫೋನ್ ಮಾಡಿದರೆ, "ಸೌಂಡ್ ಕಾರ್ಡ್ ಹೋಗಿರುತ್ತೆ ಮೇಡಂ, ಎರಡೂವರೆ ಸಾವಿರ ಆಗುತ್ತೆ" ಅಂದರು. ಆಟಕ್ಕೆ ಎರಡೂವರೆ ಸಾವಿರವಾ ಅಂತ ನಾನು ಪುಣೆಯಲ್ಲಿರುವ ಭಾವನ ಮಗನಿಗೆ ಫೋನ್ ಮಾಡಿದೆ.

"ಚಿಕ್ಕಮ್ಮಾ, ಕಾರ್ಡೇ ಹೋಗಿದ್ರೆ ಮ್ಯೂಸಿಕ್ ಹೇಗೆ ಬರುತ್ತೆ? ನಾನು ಹೇಳಿದ ಹಾಗೆ ಒಂದೊಂದೇ ನೋಡಿ" ಅಂದ.

ಮೊದಲು ಆಟದೊಳಗಿನ ಆಡಿಯೋ ಸೆಟ್ಟಿಂಗ್ಸ್. ಅಲ್ಲಿ ಸಂಗೀತಕ್ಕೊಂದು, ಸದ್ದಿಗೊಂದು, ಮಾತಿಗೊಂದು ಬೇರೆ ಬೇರೆ ಗೆರೆ ಇರುತ್ತೆ. ಮಾತಿನದ್ದು ಪೂರ್ತಿ ಮೇಲೇ ಇತ್ತು. ಆಮೇಲೆ ವಿಂಡೋಸ್‌ನ ಸೌಂಡ್ ಕಿಟಕಿಯಲ್ಲಿ 'ಕಮ್ಯುನಿಕೇಷನ್ಸ್' ಅನ್ನೋ ಭಾಗ. ಕಂಪ್ಯೂಟರಿನಲ್ಲಿ ಯಾರ ಜೊತೆಗಾದರೂ ಕಾಲ್‌ನಲ್ಲಿದ್ದಾಗ ಬೇರೆ ಸದ್ದುಗಳನ್ನೆಲ್ಲ 80% ತಗ್ಗಿಸುವ ಏರ್ಪಾಡು ಅಲ್ಲಿದೆಯಂತೆ. ಅದನ್ನು 'ಡು ನಥಿಂಗ್' ಮಾಡಿದೆವು. ಆದರೂ ಮಾತಿಲ್ಲ.

"ಸರಿ, ಈಗ ಅದೇ ಕಿಟಕಿಯಲ್ಲಿ ಪ್ಲೇಬ್ಯಾಕ್, ಸ್ಪೀಕರ್ಸ್, ಕಾನ್ಫಿಗರ್ ಒತ್ತಿ. ಏನಿದೆ?"

"5.1 ಸರೌಂಡ್ ಅಂತಿದೆ."

ಅವನು ಜೋರಾಗಿ ನಕ್ಕ. ಭಾವನ ಮನೆಯಲ್ಲಿ ಈ ಕಂಪ್ಯೂಟರಿಗೆ ಆರು ಪೆಟ್ಟಿಗೆಯ ಹೋಮ್ ಥಿಯೇಟರ್ ಇತ್ತು. ಮುಂದೆ ಎಡ, ಬಲ, ನಡುವೆ ಒಂದು, ಹಿಂದೆ ಎರಡು, ಗುಡುಗಿಗೆ ಇನ್ನೊಂದು. ಸಿನಿಮಾ, ಗೇಮ್‌ಗಳಲ್ಲಿ ಮಾತನ್ನು ಹೆಚ್ಚಾಗಿ ನಡುವಿನ ಸ್ಪೀಕರಿಗೇ ಕಳಿಸುತ್ತಾರಂತೆ. ನಮ್ಮಲ್ಲಿರುವುದು ಬರೀ ಎರಡು. ಮಾತು ಹೊರಡುತ್ತಲೇ ಇತ್ತು, ಇಲ್ಲದ ಸ್ಪೀಕರಿಗೆ ಹೋಗುತ್ತಿತ್ತು! 'ಸ್ಟೀರಿಯೋ' ಆರಿಸಿ, ಗೇಮ್ ಮುಚ್ಚಿ ಮತ್ತೆ ತೆಗೆದೆವು. ಕುದುರೆಯ ಮೇಲಿದ್ದವನು ಗಟ್ಟಿಯಾಗಿ ಮಾತಾಡಿದ. ಎರಡೂವರೆ ಸಾವಿರ ಉಳಿಯಿತು.

ಆ ಖುಷಿಯಲ್ಲಿ ಮಗನಿಗೊಂದು ಹೆಡ್‌ಫೋನ್ ತಂದುಕೊಟ್ಟೆ. ಅವನು ಊಟಕ್ಕೆ ಎದ್ದಾಗ ಮಾವ ಅದನ್ನು ಹಾಕಿಕೊಂಡು ಯೂಟ್ಯೂಬಿನಲ್ಲಿ ಹಳೇ ರಾಜ್‌ಕುಮಾರ್ ಸಿನಿಮಾ ನೋಡತೊಡಗಿದರು. ಸ್ವಲ್ಪ ಹೊತ್ತಿಗೆ, "ಇದರ ಎಡಗಡೆದು ಕೆಲಸ ಮಾಡಲ್ಲ ಕಣಮ್ಮ, ವಾಪಸ್ ಕೊಟ್ಟುಬಿಡು" ಅಂದರು.

ರಿಪೇರಿಯ ಹುರುಪು ಇನ್ನೂ ಇಳಿಯದ ಮಗ ಓಡಿ ಬಂದ. "ತಾತ, ಇರಿ. ತಿರುಗಿಸಿ ಹಾಕ್ಕೊಳ್ಳಿ. ಎಡಗಡೆದು ಬಲಕ್ಕೆ. ವೈರ್ ಹೋಗಿದ್ರೆ ಈಗ ಬಲಗಡೆ ಕೇಳ್ಸಬಾರದು."

ಮಾವ ತಿರುಗಿಸಿ ಹಾಕಿಕೊಂಡರು. "ಈಗಲೂ ಎಡಗಡೆನೇ ಕೇಳ್ತಿಲ್ಲ ಕಣೋ."

ಮಗ ಏನೂ ಅನ್ನದೆ ನನ್ನ ಮುಖ ನೋಡಿದ. ಹೆಡ್‌ಫೋನ್ ಸರಿಯಾಗಿಯೇ ಇತ್ತು.

ನನಗೆ ಒಂದೊಂದೇ ನೆನಪಾಯಿತು. ಸಂಕ್ರಾಂತಿ ಹೊತ್ತಿಗೆ ಮಾವ, "ಬೆಳಿಗ್ಗೆ ಎದ್ದಾಗಿಂದ ಕಿವಿಯೊಳಗೆ ಗುಂಯ್ ಅಂತಿದೆ" ಅಂದಿದ್ದರು. ನೆಗಡಿ ಇರಬೇಕು, ಹಬೆ ತಗೊಳ್ಳಿ ಅಂದಿದ್ದೆ. ಊಟದ ಮೇಜಿನಲ್ಲಿ ಅವರ ಎಡಕ್ಕೆ ಕೂರುವವಳು ನಾನು. ಸಾರು ಹಾಕಲಾ ಅಂತ ಮೂರು ಸಲ ಕೇಳಿ, "ನಿಮಗೆ ಗಮನವೇ ಇರಲ್ಲ ಮಾವ" ಅಂತ ಸಿಡುಕಿದ್ದೂ ಉಂಟು. ಅವರು ಸುಮ್ಮನೆ ತಟ್ಟೆ ನೋಡುತ್ತಿದ್ದರು. ವಯಸ್ಸಾಯಿತು, ಮಾತು ಕಮ್ಮಿ ಮಾಡಿದ್ದಾರೆ ಅಂತಲೇ ನಾವು ಅಂದುಕೊಂಡಿದ್ದೆವು.

ಮರುದಿನವೇ ಕಿವಿ ಡಾಕ್ಟರ ಹತ್ತಿರ ಹೋದೆವು. ಗುಗ್ಗೆ ಇರಲಿ ದೇವರೇ ಅಂತ ಬೇಡಿಕೊಂಡಿದ್ದೆ. ಗುಗ್ಗೆ ಇರಲಿಲ್ಲ. ಪರೀಕ್ಷೆಯಲ್ಲಿ ಬಲಗಿವಿ ವಯಸ್ಸಿಗೆ ತಕ್ಕಂತಿತ್ತು, ಎಡಗಿವಿಯ ಗೆರೆ ತುಂಬಾ ಕೆಳಗಿತ್ತು. "ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಕಾಯಬಾರದು, ಅವತ್ತೇ ಬರಬೇಕು. ಮೊದಲ ದಿನಗಳಲ್ಲಿ ಔಷಧಿ ಕೊಟ್ಟರೆ ವಾಪಸ್ ಬರುವ ಸಾಧ್ಯತೆ ಇರುತ್ತೆ. ಈಗ ಮೂರು ತಿಂಗಳಾಗಿದೆಯಲ್ಲ" ಅಂದರು ಡಾಕ್ಟರು. ದಾರಿಯುದ್ದಕ್ಕೂ ಆಟೋದಲ್ಲಿ ನಮ್ಮೆಜಮಾನರು ಒಂದು ಮಾತೂ ಆಡಲಿಲ್ಲ. ಮಾವನೇ, "ಇನ್ನೊಂದು ಇದೆಯಲ್ಲೋ ಬಿಡು" ಅಂದರು.

ಮೈಸೂರಿನಲ್ಲಿ ನಾದಿನಿ ಇದ್ದಾಳೆ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಅವಳೇ ಕರೆದುಕೊಂಡು ಹೋದಳು. ಅಲ್ಲಿ ಮತ್ತೊಮ್ಮೆ ಪರೀಕ್ಷೆಯಾಗಿ ಶ್ರವಣ ಸಾಧನ ಹಾಕಿಕೊಟ್ಟರು. ಮೊದಲಿನಂತೆ ಆಗಿಲ್ಲ. "ಸದ್ದು ಬರುತ್ತೆ, ಮಾತು ಬಿಡಿಸಿ ಕೇಳಲ್ಲ" ಅಂತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಮಗನ ಗೇಮ್ ನೆನಪಾಗುತ್ತೆ.

ನಾವು ಮಾಡಬಹುದಾಗಿದ್ದನ್ನು ಮಾಡಿದೆವು. ಮಗ ಕಂಪ್ಯೂಟರಿನ 'ಆಕ್ಸೆಸಿಬಿಲಿಟಿ' ಸೆಟ್ಟಿಂಗಿನಲ್ಲಿ 'ಮೋನೋ ಆಡಿಯೋ' ಅನ್ನೋದನ್ನು ಹುಡುಕಿ ಆನ್ ಮಾಡಿದ. ಎಡ, ಬಲ ಎರಡರ ಸದ್ದೂ ಸೇರಿ ಎರಡೂ ಕಡೆ ಬರುತ್ತೆ, ಹಾಗಾಗಿ ಒಂದೇ ಕಿವಿಯಲ್ಲಿ ಕೇಳಿದರೂ ಏನೂ ತಪ್ಪಿಹೋಗಲ್ಲ. ನಾನು ಊಟದ ಮೇಜಿನಲ್ಲಿ ಜಾಗ ಬದಲಾಯಿಸಿಕೊಂಡೆ. ಈಗ ಮಾವನ ಎಡಕ್ಕೆ ಗೋಡೆ, ನಾವೆಲ್ಲ ಬಲಕ್ಕೆ.

ನಿಮ್ಮ ಮನೆಯಲ್ಲೂ ಹಿರಿಯರು ಯಾರಾದರೂ ಹೆಡ್‌ಫೋನೋ ಫೋನೋ ಒಂದು ಕಡೆ ಕೇಳಿಸಲ್ಲ ಅಂದರೆ, ಅಂಗಡಿಗೆ ವಾಪಸ್ ಕೊಡುವ ಮೊದಲು ಒಂದು ಸಲ ತಿರುಗಿಸಿ ಹಾಕಿ ನೋಡಿ. ಅರ್ಧ ನಿಮಿಷದ ಕೆಲಸ.

ಮೊನ್ನೆ ಅಡುಗೆಮನೆಯಿಂದಲೇ ಅಭ್ಯಾಸಬಲದಿಂದ, "ಮಾವಾ, ಕಾಫೀ..." ಅಂತ ಜೋರಾಗಿ ಕೂಗಿದೆ. ಮಾವ ನಗುತ್ತಾ ಅಂದರು, "ಅಷ್ಟು ಕೂಗಬೇಡಮ್ಮ. ಈ ಕಡೆ ಬಂದು ಹೇಳು, ಕೇಳುತ್ತೆ."