ಮೂಲಿಕೆಯೂ ಮದ್ದೇ

ಮದ್ದೂರು ತಾಲ್ಲೂಕಿನ ಕೊಪ್ಪದ ಸೀಮೆ ಕಬ್ಬಿನ ಸೀಮೆ. ಆಲೆಮನೆಯ ಬೆಲ್ಲ ಇಲ್ಲಿಯ ಹೆಮ್ಮೆ. ಇಲ್ಲಿಯೂ ಮಧುಮೇಹಿಗಳಿಗೆ ಮೂಲಿಕೆ ಸೂಚಿಸುವವರಿಗೆ ಬರವಿಲ್ಲ. ಹಾಗಲ, ಮೆಂತ್ಯ, ನೇರಳೆಬೀಜ, ಮಧುನಾಶಿನಿ ಎಂದು ಹೆಸರಿಸಿ, "ಗಿಡಮೂಲಿಕೆ ತಾನೆ ಅಯ್ಯನವರೇ, ಕೆಡುಕೇನೂ ಆಗದು" ಎಂದು ಭಕ್ತರು ನಮ್ಮೊಡನೆ ಹೇಳುವುದುಂಟು.

ಮಠದ ಪಾಠಶಾಲೆಯಲ್ಲಿದ್ದಾಗ ನಾವು ಮಧುನಾಶಿನಿಯ ಎಲೆಯನ್ನು ಅಗಿದು ಬೆಲ್ಲವನ್ನು ಬಾಯಿಗಿಟ್ಟದ್ದುಂಟು, ಮರಳು ತಿಂದಂತಾಯಿತು. ನಾಲಗೆ ಸಿಹಿಯನ್ನು ಮರೆತಿತ್ತು. ಬೆಲ್ಲವು ಮಾತ್ರ ಬೆಲ್ಲವಾಗಿಯೇ ಹೊಟ್ಟೆಗಿಳಿಯಿತು. ನಾಲಗೆಯ ಸಾಕ್ಷಿಯಿಂದ ರಕ್ತದ ಲೆಕ್ಕವನ್ನು ಹೇಳಲಾಗದು.

ಮೂಲಿಕೆಗಳಲ್ಲಿ ಶಕ್ತಿಯಿಲ್ಲವೆಂದು ನಮ್ಮ ಮಾತಲ್ಲ. ಇಂದು ವೈದ್ಯರು ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವನ್ನು ಅರಸಿದರೆ ಯುರೋಪಿನ ಗಲೀಗ ಎಂಬ ಗಿಡವನ್ನು ಮುಟ್ಟುತ್ತೇವೆ. ಆದರೆ ಸಕ್ಕರೆಯನ್ನು ಇಳಿಸಬಲ್ಲ ಗಿಡವು ಅಳತೆ ತಪ್ಪಿದರೆ ಅತಿಯಾಗಿ ಇಳಿಸಲೂ ಬಲ್ಲುದು. ಆ ಶಕ್ತಿಯೇ ಇಲ್ಲದಿದ್ದರೆ, ಅದನ್ನು ನಂಬಿ ಮಾತ್ರೆ ಬಿಟ್ಟವನ ಗತಿಯೇನು?

ನಮ್ಮ ಪರಿಚಯದ ಹಿರಿಯ ರೈತರೊಬ್ಬರು ಗ್ಲಿಬೆನ್‌ಕ್ಲಮೈಡ್ ಮಾತ್ರೆಯೊಂದಿಗೆ ಯಾರೋ ಹೇಳಿದ ಕಷಾಯವನ್ನೂ ಸೇವಿಸಿ, ಶ್ರಾವಣ ಸೋಮವಾರದ ಉಪವಾಸವಿದ್ದರು. ಮಧ್ಯಾಹ್ನಕ್ಕೆ ಬೆವರು, ನಡುಕ, ತೊದಲು ಮಾತು. ಬಳಿಕ ಪ್ರಜ್ಞೆ ತಪ್ಪಿತು. ಮನೆಯವರು ಗಾಳಿ ಸೋಕಿತೆಂದು ವಿಭೂತಿ ಹಚ್ಚುತ್ತ ಹೊತ್ತು ಕಳೆದರು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟರು. ಕಷಾಯದ ಸಂಗತಿಯನ್ನು ಅವರ ವೈದ್ಯರಿಗೆ ಯಾರೂ ತಿಳಿಸಿರಲಿಲ್ಲ.

ಒಳಗೇನಿದೆಯೆಂದು ತಿಳಿಯದ ಪುಡಿ, ಮಾತ್ರೆಗಳ ಭಯ ಇನ್ನೂ ದೊಡ್ಡದು. 2008ರಲ್ಲಿ ಸಿಂಗಪುರದಲ್ಲಿ ಕದ್ದು ಮಾರುತ್ತಿದ್ದ ಪುರುಷಶಕ್ತಿಯ ಔಷಧಗಳಲ್ಲಿ ಇದೇ ಗ್ಲಿಬೆನ್‌ಕ್ಲಮೈಡ್ ಬೆರೆತಿದ್ದು, ಮಧುಮೇಹವಿಲ್ಲದವರೂ ಸಕ್ಕರೆ ಕುಸಿದು ಆಸ್ಪತ್ರೆ ಸೇರಿದರು, ನಾಲ್ವರು ತೀರಿಕೊಂಡರು. ನಮ್ಮ ದೇಶದಲ್ಲಿ, ಮಧುಮೇಹವನ್ನು ಗುಣಪಡಿಸುವುದೆಂದು ಔಷಧದ ಜಾಹೀರಾತು ಮಾಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ.

ಆದುದರಿಂದ ಸದ್ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟು: ಸೇವಿಸುವ ಪ್ರತಿಯೊಂದು ಮೂಲಿಕೆಯನ್ನೂ ವೈದ್ಯರಿಗೆ ತಿಳಿಸಿರಿ. ಉಪವಾಸಕ್ಕೆ ಮುನ್ನ ಅವರನ್ನು ಕೇಳಿರಿ. ಇನ್ಸುಲಿನ್ನಿನಿಂದಲೇ ಬದುಕಿರುವ ಮಕ್ಕಳಿಗೆ ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ. ಯಾವ ಕಷಾಯವೂ ಅದರ ಸ್ಥಾನವನ್ನು ತುಂಬದು. ಬೆವರು, ನಡುಕ ಕಂಡೊಡನೆ, ಎಚ್ಚರವಿದ್ದರೆ ಸಕ್ಕರೆಯ ನೀರನ್ನು ಕುಡಿಸಿ ವೈದ್ಯರಲ್ಲಿಗೆ ಕರೆದೊಯ್ಯಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಧಾವಿಸಿರಿ.

ಕಾಯವಿದ್ದರಲ್ಲವೇ ಕಾಯಕ!